ಒಂದು ಬೆರಳಿನ ಸಡಿಲ

ಆ ಮನೆಯ ಮುಂದಿನ ಕೋಣೆಯಲ್ಲಿ ಮನುಷ್ಯರಿಗಿಂತ ಬಟ್ಟೆಗಳೇ ಹೆಚ್ಚು ವಾಸವಾಗಿದ್ದವು. ಗೋಡೆಯಿಂದ ಗೋಡೆಗೆ ಹಾಕಿದ ಸರಳಿನ ಮೇಲೆ ತೋಳಿಲ್ಲದ ಕೋಟು, ಕಾಲರಿಲ್ಲದ ಅಂಗಿ, ಅಂಚು ಮಡಿಸದ ಗೌನು ಎಲ್ಲ ತೂಗಿಕೊಂಡು, ತಮ್ಮವರು ಬಂದು ಕರೆದುಕೊಂಡು ಹೋಗುವ ತನಕ ಸುಮ್ಮನೆ ಕಾಯುತ್ತಿದ್ದವು. ಕಿಟಕಿಯಿಂದ ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಒಂದು ಸಲ ಉಸಿರೆಳೆದು ಬಿಟ್ಟ ಹಾಗೆ ಕಾಣುತ್ತಿತ್ತು. ಮನೆಯ ಮಗಳು ಸೂಜಿ ಚಿಕ್ಕವಳಿದ್ದಾಗ ಅವುಗಳ ನಡುವೆ ನಿಂತು, ಏನಾದರೂ ಮಾತಾಡುತ್ತವೇನೋ ಎಂದು ಕಿವಿಗೊಡುತ್ತಿದ್ದಳು. ಮದುವೆಯ ವಯಸ್ಸಿಗೆ ಬಂದರೂ ಆ ಅಭ್ಯಾಸ ಪೂರ್ತಿ ಬಿಟ್ಟಿರಲಿಲ್ಲ.

ಸೂಜಿ ಅಂತ ಕರೆಯಲು ಶುರು ಮಾಡಿದ್ದು ಅಜ್ಜಿ. "ಸಣ್ಣಗಿದ್ದಾಳೆ, ಸದ್ದಿಲ್ಲ. ಆದ್ರೆ ಎಲ್ಲದರೊಳಗೂ ತೂರಿ ನೋಡ್ಕೊಂಡು ಬರ್ತಾಳೆ" ಅಂದಿದ್ದಳು. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಅಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿದ್ದ ಹುಡುಗಿ ಅವಳು. ಅಮ್ಮನಿಗೆ ಆಪರೇಷನ್ ಆದ ವರ್ಷ ಶಾಲೆ ಬಿಟ್ಟು, ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೂತವಳು ಅಲ್ಲೇ ಉಳಿದುಬಿಟ್ಟಳು. ಅಲ್ಲಿ ಯಾರೂ ಅವಳನ್ನು ಉತ್ತರ ಕೇಳುತ್ತಿರಲಿಲ್ಲ.

ಅಮ್ಮ ಆ ಬೀದಿಗೆಲ್ಲ ಹೆಸರಾದ ಟೈಲರ್. ಮಗಳಿಗೆ ಕಲಿಸಿದ್ದು ಹೆಚ್ಚೇನಿಲ್ಲ. "ಒಳಗಡೆ ಬಟ್ಟೆ ಬಿಟ್ಟು ಹೊಲಿ. ಮೈ ಇದ್ದ ಹಾಗೇ ಇರಲ್ಲ." ಇದು ಒಂದು. ಇನ್ನೊಂದು, "ಅಳತೆ ತಗೊಳ್ಳೋವಾಗ ಟೇಪಿನ ಕೆಳಗೆ ನಿನ್ನದೊಂದು ಬೆರಳು ಇರ್ಲಿ. ಹಾಕ್ಕೊಳ್ಳೋರು ಉಸಿರಾಡೋದು ಬೇಡ್ವಾ?"

ಆಪರೇಷನ್ ಆಗಿದ್ದು ಅಂಡಾಶಯದ ಕ್ಯಾನ್ಸರಿಗೆ. ಹೋಯಿತು ಅಂದುಕೊಂಡು ಮನೆಯವರೆಲ್ಲ ಮರೆಯುವಷ್ಟರಲ್ಲಿ ಅದು ಮತ್ತೆ ಬಂದಿತ್ತು. "ಖಾಲಿ ಮಾಡಿಸಿದ ಬಾಡಿಗೆಯವನು ಹಿತ್ತಿಲ ಬಾಗಿಲಿಂದ ವಾಪಸ್ ಬಂದ ಹಾಗೆ" ಅಂತ ಅಜ್ಜಿ ಬೈದಳು. ಅಮ್ಮ ಮಾತ್ರೆ ನುಂಗುತ್ತಿದ್ದಳು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಕಾಯಿಲೆಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಹೊಟ್ಟೆ. ಎರಡು ತುತ್ತಿಗೇ ಮದುವೆ ಊಟ ಉಂಡವಳ ಹಾಗೆ ತುಂಬಿಬಿಡುತ್ತಿತ್ತು. ಹುಳಿತೇಗು, ವಾಕರಿಕೆ, ದಿನಗಟ್ಟಲೆ ಹೊರಗೆ ಹೋಗದ ಸಂಕಟ. ಊಟಕ್ಕೆ ಕೂತರೆ ಅವಳ ಹೊಟ್ಟೆ ಪಕ್ಕದ ಕೋಣೆಯಲ್ಲಿ ಯಾರೋ ಪೆಟ್ಟಿಗೆ ಎಳೆದ ಹಾಗೆ ಗುಡುಗುಡು ಅನ್ನುತ್ತಿತ್ತು. ಎಲ್ಲರೂ ಕೈ ತಡೆದು ಕೇಳುತ್ತಿದ್ದರು.

"ಹೊಟ್ಟೆ ಊದ್ತಾ ಹೋದ್ರೆ, ವಾಂತಿ ನಿಲ್ಲದೇ ಇದ್ರೆ, ಗಾಳಿ ಕೂಡ ಹೊರಗೆ ಹೋಗದೇ ಇದ್ರೆ, ಮುಂದಿನ ತಾರೀಕಿಗೆ ಕಾಯ್ಬೇಡಿ, ತಕ್ಷಣ ಬನ್ನಿ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅಜ್ಜಿ ಅದರಲ್ಲಿ ಗಾಳಿಯ ಮಾತನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಳು. ಮುಂದಿನ ಕೋಣೆಯಲ್ಲಿ ಗಿರಾಕಿಗಳು ನಿಂತಿರುವಾಗಲೇ ಅಡುಗೆಮನೆಯಿಂದ ಕೂಗು ಬರುತ್ತಿತ್ತು.

"ಲೇ, ಹೋಯ್ತೇನೇ?"

"ಅತ್ತೆ, ಮೆತ್ತಗೆ!"

"ಮೆತ್ತಗೆ ಹೋದ್ರೂ ಪರವಾಗಿಲ್ಲ, ಹೋದ್ರೆ ಸಾಕು."

ಅಪ್ಪ ಬಸ್ಸಿನ ಡ್ರೈವರು. ಮಾತು ಕಮ್ಮಿ. ಆದರೆ ಗಾಳಿಗೆ ಮದ್ದು ಕಂಡುಹಿಡಿದದ್ದು ಅವನೇ. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬರುವಾಗ ಅಮ್ಮ ಅವನ ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತಿದ್ದಳಂತೆ. ರಸ್ತೆ ಕಿತ್ತುಹೋಗಿತ್ತು. ಮನೆಗೆ ಬರುವಷ್ಟರಲ್ಲಿ ಕುಲುಕಾಟಕ್ಕೆ ಹೊಟ್ಟೆ ಹಗುರಾಗಿತ್ತು. ಅಂದಿನಿಂದ ಊಟದ ನಂತರ ಗಿರಾಕಿಗಳು ಬಾರದ ಹೊತ್ತಿನಲ್ಲಿ, ಅವನ ಬಸ್ಸು ಬೀದಿಯ ತುದಿಗೆ ಬಂದಾಗ ಅಮ್ಮ ಹತ್ತಿ ಅದೇ ಸೀಟಿನಲ್ಲಿ ಕೂರುತ್ತಿದ್ದಳು. ಅಪ್ಪ ಗುಂಡಿ ಬಿದ್ದ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ಬಸ್ಸು ಇಳಿಸುತ್ತಿದ್ದ. ಮಿಕ್ಕ ಪ್ರಯಾಣಿಕರು "ಏನಪ್ಪಾ, ಕಣ್ಣು ಕಾಣಿಸಲ್ವಾ?" ಎಂದು ಬೈಯುತ್ತಿದ್ದರು. ಅಪ್ಪ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿಕೊಂಡು ಸುಮ್ಮನೆ ಓಡಿಸುತ್ತಿದ್ದ. ಅಮ್ಮ ಕಿಟಕಿಗೆ ತಲೆಯಿಟ್ಟು ಅರೆನಿದ್ದೆಯಲ್ಲಿ ಊರೆಲ್ಲ ಸುತ್ತಿ ಬರುತ್ತಿದ್ದಳು. ಅಂಗಡಿಯ ಬೋರ್ಡುಗಳು, ಸೇತುವೆ, ನೀರಿನ ಮೇಲಿನ ಬಿಸಿಲು ಎಲ್ಲ ಕಣ್ಣ ಮುಂದೆ ಬಟ್ಟೆಯ ಥಾನು ಬಿಚ್ಚಿದ ಹಾಗೆ ಸರಿದು ಹೋಗುತ್ತವೆ ಅನ್ನುತ್ತಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ತೊಂದರೆ ಬಂದದ್ದು ಹುಕ್ಕಿನಿಂದ.

ಅಮ್ಮನ ಬಳಿ ಮನೆಯಲ್ಲಿ ಉಡುವ ಸ್ಕರ್ಟುಗಳು ಎರಡೇ, ಒಂದು ಬೂದು, ಒಂದು ನೀಲಿ. ಎರಡಕ್ಕೂ ಸೊಂಟದ ಪಕ್ಕದಲ್ಲಿ ಹುಕ್ಕು. ಬೆಳಿಗ್ಗೆ ಎದ್ದು ಮುಖ ತೊಳೆದು, ಉಸಿರು ಎಳೆದುಕೊಳ್ಳದೆ, ಹುಕ್ಕು ಹಾಕಿ ನೋಡುತ್ತಿದ್ದಳು. ಹುಕ್ಕು ಕುಣಿಕೆಗೆ ಸೇರಿದರೆ ಅವತ್ತು ಕಾಯಿಲೆ ಸೋತಿದೆ ಅಂತ ಲೆಕ್ಕ. ಬಂದು ಗಂಜಿ ಕುಡಿಯುತ್ತಿದ್ದಳು, ಗಿರಾಕಿಗಳ ಜೊತೆ ನಗುತ್ತಿದ್ದಳು. ಸೇರದಿದ್ದರೆ ಸೇಫ್ಟಿ ಪಿನ್ನು ಚುಚ್ಚಿ, ಅದರ ಮೇಲೆ ಅಂಗಿ ಇಳಿಬಿಟ್ಟುಕೊಂಡು, "ಹಸಿವಿಲ್ಲ" ಅನ್ನುತ್ತಿದ್ದಳು. ಸಂಜೆಯವರೆಗೂ ಬರೀ ನೀರು. ತಿಂದರೆ ಹೊಟ್ಟೆ ಊದುತ್ತದೆ, ಊದಿದರೆ ಕಾಯಿಲೆ ಗೆದ್ದ ಹಾಗೆ. ಆದ್ದರಿಂದ ತಿನ್ನದಿರುವುದೇ ಕ್ಷೇಮ ಎಂದು ಅವಳ ತಲೆಯಲ್ಲಿ ಕೂತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೂಜಿಗೆ ಮಾತ್ರ ಗೊತ್ತಿತ್ತು. ಯಾರೂ ಹೇಳದ್ದೇ ಅವಳಿಗೆ ಹೆಚ್ಚು ಗೊತ್ತಾಗುತ್ತಿತ್ತು.

ಒಂದು ದಿನ ಬಸುರಿ ಟೀಚರೊಬ್ಬರು ಗೌನಿನ ಸೊಂಟ ಸಡಿಲ ಮಾಡಿಸಲು ಬಂದರು. ಬೀದಿಗೆ ಹೊಸಬರು. ಅಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವರ ಸುತ್ತ ಬಗ್ಗಿ ಏಳುತ್ತಿದ್ದಾಗ ಅವರು ಅಕ್ಕರೆಯಿಂದ ಕೇಳಿದರು:

"ನಿಮಗೂ ವಿಶೇಷನಾ? ಎಷ್ಟು ತಿಂಗಳು?"

ಸೂಜಿಯ ಕೈಯಲ್ಲಿದ್ದ ಕತ್ತರಿ ನಿಂತಿತು. ಅಮ್ಮ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು.

"ನನ್ನದು ಹೆರಿಗೆ ಆಗದೇ ಇರೋ ಬಸುರು ಮೇಡಂ. ಸ್ವಲ್ಪ ತೋಳು ಎತ್ತಿ."

ಟೀಚರು ಹೋದ ಮೇಲೆ ಅಮ್ಮ ಮೆಷಿನ್ನಿನ ಮುಂದೆ ಕೂತಳು, ಹೊಲಿಯಲಿಲ್ಲ. ಅವತ್ತು ಊಟ ಮಾಡಲಿಲ್ಲ. ಮರುದಿನವೂ ಇಲ್ಲ. ಅಜ್ಜಿ ತರಕಾರಿ ಬೇಯಿಸಿ ಸೋಸಿದ ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು.

"ಬೆಳಗಿಂದ ಒಲೆ ಮುಂದೆ ನಿಂತಿದ್ದೀನಿ. ಇದನ್ನ ನಾಯಿಗೆ ಹಾಕ್ಲಾ?"

"ನಮ್ಮನೇಲಿ ನಾಯಿ ಇಲ್ಲ ಅತ್ತೆ."

"ನಿನಗೋಸ್ಕರ ಒಂದು ಸಾಕ್ತೀನಿ!"

"ಅಮ್ಮಾ, ಬಿಡು ಅವಳನ್ನ" ಅಂದ ಅಪ್ಪ.

"ಬಿಟ್ಟೇ ಬಿಟ್ಟೆ. ನೀನೂ ಬಿಡು. ಎಲ್ಲರೂ ಬಿಟ್ಟರೆ ಅವಳು ಗಾಳಿಗೇ ಹಾರಿ ಹೋಗ್ತಾಳೆ. ಕೈ ನೋಡು, ಕಡ್ಡಿ!"

ಅಮ್ಮ ಎದ್ದು ಒಳಗೆ ಹೋದಳು. ಅಜ್ಜಿ ಬಟ್ಟಲಿಗೆ ತಟ್ಟೆ ಮುಚ್ಚಿ, ತನ್ನ ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡಳು.

ಆ ಮಧ್ಯಾಹ್ನ ಅಮ್ಮ ಬಸ್ಸು ಹತ್ತಿದ ಮೇಲೆ ಸೂಜಿ ಹಗ್ಗದ ಮೇಲೆ ಒಣಗಿದ್ದ ಬೂದು ಸ್ಕರ್ಟು ತಂದು ತೊಡೆಯ ಮೇಲೆ ಹಾಕಿಕೊಂಡಳು. ಅಜ್ಜಿ ಒಳಗೆ ಗೊರಕೆ ಹೊಡೆಯುತ್ತಿದ್ದಳು. ಬಿಸಿಲು ತೂಗುಹಾಕಿದ ಅಂಗಿಗಳೊಳಗೆ ಇಳಿದು, ಅವುಗಳಿಗೆ ಮೈ ಬಂದ ಹಾಗಿತ್ತು. ಸೂಜಿ ಸೊಂಟಪಟ್ಟಿಯ ಪಕ್ಕದ ಹೊಲಿಗೆ ಬಿಚ್ಚಿದಳು. ಒಳಗೆ ಅಮ್ಮನೇ ಬಿಟ್ಟಿದ್ದ ಬಟ್ಟೆ ಧಾರಾಳವಾಗಿತ್ತು. ಒಂದು ಬೆರಳಿನಗಲ ಹೊರಗೆ ಬಿಟ್ಟು ಮತ್ತೆ ಹೊಲಿದಳು. ಒಳಗಿದ್ದ ಬಟ್ಟೆ ಬಣ್ಣ ಮಾಸದೆ ಕಪ್ಪಗೆ ಗೆರೆಯಾಗಿ ಕಂಡಿತು. ಆದರೆ ಅಂಗಿಯ ಅಂಚು ಅದನ್ನು ಮುಚ್ಚುತ್ತಿತ್ತು. ಆಮೇಲೆ ನೀಲಿಯದಕ್ಕೂ ಅದನ್ನೇ ಮಾಡಿದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ: ಅಮ್ಮ ಊಟ ಮಾಡಲಿ.

ಮರುದಿನ ಬೆಳಿಗ್ಗೆ ಕೋಣೆಯಿಂದ 'ಟಕ್' ಎಂದು ಹುಕ್ಕಿನ ಸದ್ದು ಬಂತು. ಅಮ್ಮ ಹೊರಗೆ ಬಂದು ಅಜ್ಜಿಯ ಪಕ್ಕ ಕೂತಳು.

"ಗಂಜಿ ಇದೆಯಾ ಅತ್ತೆ?"

ಅಜ್ಜಿ ಸೌಟು ಹಿಡಿದು ಓಡಿದಳು.

ಮನೆಗೆ ಮತ್ತೆ ಗೆಲುವು ಬಂತು. ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಗಂಜಿ, ಸೂಪು, ಬೇಯಿಸಿ ಕಿವುಚಿದ ಆಲೂಗಡ್ಡೆ ಅಡುಗೆಮನೆಯಿಂದ ಬಂದವು. ಅಮ್ಮ ಒಂದೊಂದು ಚಮಚವನ್ನೂ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದಳು. "ನನ್ನ ಸೂಪಿನ ಮಹಿಮೆ" ಅಂದಳು ಅಜ್ಜಿ. ಅಪ್ಪ ಹೊಸದಾಗಿ ಅಗೆದ ರಸ್ತೆ ಯಾವುದು ಎಂದು ಜೊತೆಯ ಡ್ರೈವರುಗಳನ್ನು ವಿಚಾರಿಸಿಕೊಂಡು ಬರುತ್ತಿದ್ದ. ಸೂಜಿ ತಲೆ ತಗ್ಗಿಸಿ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಹುಕ್ಕು ಬಿಗಿಯಾಗತೊಡಗಿದ್ದು ಅಮ್ಮನ ಕೈ ತಡವರಿಸುವುದರಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಮತ್ತೊಂದು ಮಧ್ಯಾಹ್ನ, ಮತ್ತೊಂದು ಬೆರಳು. ವಾರಗಳು ಸರಿದವು. ಇನ್ನೊಂದು ಬೆರಳು.

ಅಮ್ಮನ ಕೆನ್ನೆ ಒಳಗೆ ಹೋಗುತ್ತಿತ್ತು, ಸ್ಕರ್ಟು ಮಾತ್ರ ದಿನವೂ ಸರಿಯಾಗಿ ಕೂರುತ್ತಿತ್ತು. ಊಟವಾದ ಮೇಲೆ ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, "ನಾನೀಗ ದೋಣಿಯಲ್ಲಿ ಕೂತ ಹಾಗಿದೆ ಕಣೇ. ಒಳಗೆಲ್ಲ ನೀರು ತುಳುಕಿದ ಹಾಗೆ" ಎಂದು ನಗುತ್ತಿದ್ದಳು. ಸೂಜಿಗೆ ನಗು ಬರಲಿಲ್ಲ.

ಆಸ್ಪತ್ರೆಯ ತಾರೀಕು ಹತ್ತಿರ ಬಂತು. ಊಟದ ಹೊತ್ತಿಗೆ ಅಮ್ಮ ಅಪ್ಪನಿಗೆ ಹೇಳಿದಳು:

"ರೀ, ಈ ಸಲ ಸ್ಕ್ಯಾನಿಂಗಿಗೆ ಹೋಗೋದು ಬೇಡ. ಮುಂದಿನ ತಿಂಗಳು ನೋಡೋಣ. ಹೊಟ್ಟೆ ಇಳಿದಿದೆ. ಮೊನ್ನೆ ಎರಡು ಸಲ ವಾಂತಿ ಆಯ್ತು, ಅಷ್ಟೇ. ಅದು ಮಾತ್ರೆಗೆ."

"ಇಳಿದಿದೆಯಾ?"

"ಹುಕ್ಕು ಆರಾಮಾಗಿ ಹೋಗ್ತಿದೆ. ಶಾಲೆಯವರ ಬಟ್ಟೆ ಅಷ್ಟು ಬಿದ್ದಿದೆ. ಅಲ್ಲಿ ಹೋಗಿ ದಿನವೆಲ್ಲ ಕಾಯೋದು ಯಾಕೆ?"

"ನಿನಗೆ ಹಗುರ ಅನ್ಸಿದ್ರೆ ಸರಿ" ಅಂದ ಅಪ್ಪ.

ಸೂಜಿ ಬಾಯಿ ತೆರೆದಳು. ಎಲ್ಲರೂ ಅವಳತ್ತ ನೋಡಿದರು. ಶಾಲೆಯ ಬೆಂಚಿನ ಮುಂದೆ ಎದ್ದು ನಿಂತಾಗ ಆಗುತ್ತಿದ್ದ ಹಾಗೆಯೇ ಕಿವಿ ಬಿಸಿಯಾಯಿತು, ನಾಲಿಗೆ ಅಂಟಿತು.

"ಏನೇ?" ಅಂದಳು ಅಜ್ಜಿ.

"ಉಪ್ಪು" ಅಂದಳು ಸೂಜಿ.

ಅಜ್ಜಿ ಉಪ್ಪಿನ ಡಬ್ಬಿ ದೂಡಿದಳು.

ಮರುದಿನ ಅಮ್ಮ ಬಸ್ಸಿನಲ್ಲಿದ್ದಾಗ ಸೂಜಿ ನೀಲಿ ಸ್ಕರ್ಟು ತೊಡೆಯ ಮೇಲೆ ಹಾಕಿಕೊಂಡು ತುಂಬ ಹೊತ್ತು ಕೂತಳು. ಒಳಗಡೆ ಇನ್ನು ಬಿಡಲು ಬಟ್ಟೆಯೂ ಉಳಿದಿರಲಿಲ್ಲ. ಹೊರಗೆ ಯಾವುದೋ ಬಸ್ಸು ಹೋಯಿತು. ತೂಗುತ್ತಿದ್ದ ಕೋಟು ಗೌನುಗಳೆಲ್ಲ ತನ್ನ ಬೆನ್ನ ಹಿಂದೆ ಉತ್ತರಕ್ಕೆ ಕಾಯುತ್ತಿರುವ ಹಾಗೆ ಅವಳಿಗನಿಸಿತು. ಬಾಯಿಂದ ಬಾರದ್ದನ್ನು ಕೈಯಿಂದಲೇ ಹೇಳಬೇಕಿತ್ತು. ತಾನು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಅಮ್ಮ ಮೊದಲು ಹೊಲಿದಿದ್ದ ಗೆರೆಯ ಮೇಲೆಯೇ, ಅದೇ ಹಳೆಯ ತೂತುಗಳಲ್ಲಿ, ಮತ್ತೆ ಹೊಲಿದಳು. ಬೂದು ಬಣ್ಣದ್ದನ್ನು ಅಮ್ಮ ಉಟ್ಟಿದ್ದಳು. ನಾಳೆಗೆ ಉಳಿದಿರುವುದು ಇದೊಂದೇ.

ಬೆಳಿಗ್ಗೆ ಕೋಣೆಯಿಂದ 'ಟಕ್' ಎನ್ನುವ ಸದ್ದು ಬರಲಿಲ್ಲ. ಹೊತ್ತಾಯಿತು. ಆಮೇಲೆ ಅಮ್ಮ ಸ್ಕರ್ಟನ್ನು ಸೊಂಟದ ಹತ್ತಿರ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಹುಕ್ಕಿಗೂ ಕುಣಿಕೆಗೂ ನಡುವೆ ಒಂದು ಅಂಗೈ ಇಡಬಹುದಿತ್ತು. ಅವಳ ಮುಖ ಇಸ್ತ್ರಿಗೆ ಸುಟ್ಟ ಬಟ್ಟೆಯ ಹಾಗಿತ್ತು.

"ಇದಕ್ಕೆ ಏನಾಯ್ತು?"

ಅಜ್ಜಿ ಸೌಟು ಕೆಳಗಿಟ್ಟಳು. "ಅಯ್ಯೋ, ನನ್ನ ತಪ್ಪೇ. ಮೊನ್ನೆ ಬಿಸಿನೀರಲ್ಲಿ ನೆನೆಸಿಬಿಟ್ಟೆ. ಕುಗ್ಗಿಹೋಯ್ತು. ನನ್ನ ಕೈಗಿಷ್ಟು ಬೆಂಕಿ ಹಾಕ."

"ನಿಜವಾಗಿ ಬಿಸಿನೀರಾ ಅತ್ತೆ?"

"ಕುದಿಯೋ ನೀರು ಕಣೇ! ಕೊಳೆ ಹೋಗ್ಲಿ ಅಂತ."

ಅಮ್ಮನ ಮುಖಕ್ಕೆ ಜೀವ ಬಂತು. ನಗು ಕೂಡ ಬಂತು. "ಅದಕ್ಕೇ! ನಾನು ಹೆದರಿಬಿಟ್ಟೆ." ಅವಳು ತಿರುಗಿ ಒಳಗೆ ಹೊರಟಳು.

ಅಜ್ಜಿ ಬಿಸಿನೀರು ಹಾಕಿರಲಿಲ್ಲ. ಮೊನ್ನೆ ಆ ಸ್ಕರ್ಟನ್ನು ಒಗೆದದ್ದೇ ಸೂಜಿ. ಅಜ್ಜಿ ಸೌಟನ್ನು ಸುಮ್ಮನೆ ಎತ್ತಿ ಮತ್ತೆ ಅಲ್ಲೇ ಇಟ್ಟದ್ದನ್ನು ಸೂಜಿ ನೋಡಿದಳು. ಅಜ್ಜಿಗೂ ಹೆದರಿಕೆಯಾಗಿತ್ತು. ಅವಳೂ ತನ್ನ ಹಾಗೆಯೇ ಒಂದು ಬೆರಳು ಸಡಿಲ ಬಿಡುತ್ತಿದ್ದಳು.

"ಅಜ್ಜಿ ಅಲ್ಲ" ಅಂದಳು ಸೂಜಿ.

ಯಾರಿಗೂ ಕೇಳಿಸಲಿಲ್ಲ.

"ಅಜ್ಜಿ ಅಲ್ಲ! ಅದು ಕುಗ್ಗಿಲ್ಲ. ಅದು ಮೊದಲಿದ್ದ ಹಾಗೇ ಇದೆ. ಇಷ್ಟು ದಿನ ನಾನೇ ಬಿಚ್ಚಿ ಬಿಚ್ಚಿ ಸಡಿಲ ಮಾಡ್ತಿದ್ದೆ. ನೀನು ಊಟ ಮಾಡ್ಲಿ ಅಂತ. ಹೊಟ್ಟೆ ಇಳಿದಿಲ್ಲ ಅಮ್ಮಾ, ಊದ್ತಾನೇ ಇದೆ."

ಆ ಮನೆಯಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅಪ್ಪ ಬೂಟಿನ ಲೇಸು ಕಟ್ಟುತ್ತಿದ್ದವನು ತಲೆಯೆತ್ತಿದ.

ಅಮ್ಮ ಒಳಗೆ ಹೋಗಿ ನೈಟಿ ಹಾಕಿಕೊಂಡು, ನೀಲಿ ಸ್ಕರ್ಟು ಹಿಡಿದು ಬಂದು ಕಿಟಕಿಯ ಬಳಿ ಕೂತಳು. ಸೊಂಟಪಟ್ಟಿಯನ್ನು ಒಳಹೊರಗೆ ಮಾಡಿ ಬೆಳಕಿಗೆ ಹಿಡಿದಳು. ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು. ಒಂದು ಸಾಲು, ಅದರಾಚೆ ಒಂದು, ಅದರಾಚೆ ಇನ್ನೊಂದು. ಪ್ರತಿ ಸಾಲಿನಿಂದಲೂ ಬೆಳಕು ಸಣ್ಣಗೆ ಸೋರುತ್ತಿತ್ತು. ಅವಳು ಬೆರಳಾಡಿಸಿ ಅವನ್ನೆಲ್ಲ ಓದಿದಳು.

"ಇಷ್ಟು ಸಲವಾ?"

ಸೂಜಿ ತಲೆಯಾಡಿಸಿದಳು.

"ಹೇಳ್ಬೋದಿತ್ತಲ್ಲೇ."

"ಹೇಳಿದ್ರೆ ನೀನು ಊಟ ಬಿಡ್ತಿದ್ದೆ."

"ಬಿಟ್ರೆ ಬಿಡ್ತಿದ್ದೆ! ನನ್ನ ಹೊಟ್ಟೆ ಏನಾಗ್ತಿದೆ ಅಂತ ನನಗೇ ಗೊತ್ತಾಗದ ಹಾಗೆ ಹೊಲಿದುಬಿಟ್ಯಲ್ಲ. ಯಾರ ಹತ್ರ ಕಲಿತೆ ಇದನ್ನ?"

"ನಿನ್ನ ಹತ್ರಾನೇ" ಅಂದಳು ಅಜ್ಜಿ. "ಹುಕ್ಕು ನೋಡಿ ಊಟ ಬಿಡೋಳು ನೀನು. ನಾನೇನು ಕುರುಡಿಯಾ? ಆ ಪಿನ್ನು ನನಗೂ ಕಾಣಿಸ್ತಿತ್ತು."

"ಕಾಣಿಸ್ತಿದ್ರೆ ನೀವ್ಯಾಕೆ ಸುಮ್ನಿದ್ರಿ?"

ಅಪ್ಪ ಎದ್ದ.

"ಜಗಳ ಬಸ್ಸಿನಲ್ಲಿ ಆಡಿ. ಎಲ್ಲರೂ ಹೊರಡಿ. ನನ್ನ ಮೊದಲನೇ ಟ್ರಿಪ್ಪು ಆಸ್ಪತ್ರೆ ಮುಂದೇನೇ ಹೋಗತ್ತೆ."

ಅಮ್ಮ ನೈಟಿಯ ಮೇಲೆ ಅಪ್ಪನ ಕೋಟು ಹಾಕಿಕೊಂಡು ಅದೇ ಹಿಂದಿನ ಸೀಟಿನಲ್ಲಿ ಕೂತಳು. ಒಂದು ಪಕ್ಕ ಅಜ್ಜಿ, ಒಂದು ಪಕ್ಕ ಸೂಜಿ. ಯಾರೂ ಜಗಳವಾಡಲಿಲ್ಲ. ಅವತ್ತು ಅಪ್ಪ ಒಂದೇ ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲ. ಬಸ್ಸು ರಸ್ತೆಯನ್ನು ಮುಟ್ಟದೆ ತೇಲುತ್ತಿರುವಂತೆ ಹೋಯಿತು. ಸೇತುವೆಯ ಕೆಳಗೆ ನೀರು ಹೊಳೆಯಿತು, ಅಂಗಡಿಗಳು ಸರಿದವು. "ಇವತ್ತು ಡ್ರೈವರಿಗೆ ಕಣ್ಣು ಬಂದಿದೆ" ಅಂದರು ಯಾರೋ. ಅಮ್ಮನ ತಲೆ ಸೂಜಿಯ ಭುಜಕ್ಕೆ ಒರಗಿತು. ಸಿಟ್ಟಿಗೋ ಸುಸ್ತಿಗೋ ಗೊತ್ತಾಗಲಿಲ್ಲ. ಸೂಜಿ ಅಲುಗಾಡದೆ ಕೂತಳು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಯಾವಾಗಿಂದ ಊದ್ತಿದೆ?" ಎಂದು ಕೇಳಿದರು. ಅಮ್ಮ ಮಗಳತ್ತ ನೋಡಿದಳು. ತನಗೇ ಗೊತ್ತಿರಲಿಲ್ಲ. ಸೂಜಿ ಎದ್ದು ನಿಂತಳು. ಮೊದಲು ಯಾವಾಗ, ಆಮೇಲೆ ಯಾವಾಗ, ಪ್ರತಿ ಸಲ ಎಷ್ಟೆಷ್ಟು ಎಂದು ಬೆರಳಿಟ್ಟು ತೋರಿಸಿ ಹೇಳಿದಳು. ಡಾಕ್ಟರಮ್ಮ ಬರೆದುಕೊಂಡರು.

ಹೊಟ್ಟೆಯಲ್ಲಿ ನೀರು ತುಂಬಿತ್ತು. ಕರುಳು ಒಂದು ಕಡೆ ಕಿರಿದಾಗಿತ್ತು, ಪೂರ್ತಿ ಕಟ್ಟಿಕೊಂಡಿರಲಿಲ್ಲ. "ಇನ್ನೊಂದು ತಿಂಗಳು ಬಿಟ್ಟಿದ್ರೆ ಕಷ್ಟ ಆಗ್ತಿತ್ತು" ಅಂದರು ಡಾಕ್ಟರಮ್ಮ. ಸಣ್ಣ ನಳಿಕೆ ಹಾಕಿ ನೀರು ತೆಗೆದರು. ಮಾತ್ರೆ ಬದಲಾಯಿಸಿದರು. ನಾರಿನ ತರಕಾರಿ ಬೇಡ, ಎಲ್ಲ ಮೆತ್ತಗೆ, ಸೋಸಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. "ಉಪವಾಸ ಇದ್ರೆ ಈ ಹೊಟ್ಟೆ ಇಳಿಯಲ್ಲಮ್ಮ, ನೀವು ಇಳಿದುಹೋಗ್ತೀರ. ಊದಿದ್ರೆ ಅದು ನಿಮ್ಮ ತಪ್ಪಲ್ಲ. ಬಂದು ಹೇಳಿ, ಅಷ್ಟೇ." ಗುಣವಾಗುತ್ತದೆ ಎಂದು ಅವರು ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಮನೆಗೆ ಬಂದ ಮೇಲೆ ಕೆಲವು ದಿನ ಅಮ್ಮ ಸೂಜಿಯ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ದಾರ ಕೊಡು, ಗುಂಡಿ ಕೊಡು, ಅಷ್ಟೇ. ಒಂದು ಮಧ್ಯಾಹ್ನ ತೆಳ್ಳನೆಯ ಹಸಿರು ಬಟ್ಟೆ ಕತ್ತರಿಸಿ ಮಗಳ ಮುಂದೆ ಹಾಕಿದಳು.

"ಇದಕ್ಕೆ ಹುಕ್ಕು ಬೇಡ. ಲಾಡಿ ಹಾಕು."

ಸೂಜಿ ಹೊಲಿದಳು. ಅಮ್ಮ ಉಟ್ಟು, ಲಾಡಿ ಎಳೆದು, ಸಡಿಲ ಬಿಟ್ಟು, ಕನ್ನಡಿಯ ಮುಂದೆ ತಿರುಗಿದಳು. "ಗೊಂಬೆ ಥರ ಇದ್ದೀನಿ."

"ಮೂಟೆ ಥರ ಇದ್ದೀಯ" ಅಂದಳು ಅಜ್ಜಿ. "ಆದ್ರೂ ಚೆನ್ನಾಗಿದೆ. ಹೋಯ್ತಾ?"

"ಹೋಯ್ತು ಅತ್ತೆ. ಬೀದಿಯವರಿಗೆಲ್ಲ ಹೇಳ್ಬಿಡಿ."

ಅದರ ಮರುದಿನ ಬೆಳಿಗ್ಗೆ ಅಮ್ಮ ಮುಂದಿನ ಕೋಣೆಗೆ ಬಂದು ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತಳು. ತೋಳು ಎತ್ತಿದಳು.

"ಟೇಪು ತಾ. ಇನ್ಮೇಲೆ ದಿನಾ ನೀನೇ ಅಳೆದು ಹೇಳು. ಎಷ್ಟೇ ಬರ್ಲಿ, ಆಮೇಲೆ ನಾನು ಗಂಜಿ ಕುಡೀತೀನಿ. ಇದು ನಮ್ಮಿಬ್ಬರ ಒಪ್ಪಂದ."

ಮೊದಲ ವಾರ ಅಳತೆ ಇದ್ದಲ್ಲೇ ಇತ್ತು. ಎರಡನೇ ವಾರ ಒಂದು ಕೂದಲೆಳೆ ಕಡಿಮೆಯಾಯಿತು. ಅವತ್ತು ಅಜ್ಜಿ ಗಂಜಿಗೆ ಬೆಣ್ಣೆ ಹಾಕಿ ಬೈಸಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಬೆಳಕು ಹಾಲಿನ ಹಾಗೆ ಕೋಣೆಯಲ್ಲಿ ತುಂಬಿಕೊಂಡಿತ್ತು. ತೂಗಿದ ಬಟ್ಟೆಗಳು ಅದರಲ್ಲಿ ಮುಳುಗಿ ಅಲ್ಲಾಡುತ್ತಿದ್ದವು. ಸೂಜಿ ಟೇಪು ಸುತ್ತಿದಳು. ತುದಿ ನಿನ್ನೆ ಇದ್ದ ಗೆರೆಗೆ ಬರಲಿಲ್ಲ. ಮೊನ್ನೆಯ ಗೆರೆಗೂ ಬರಲಿಲ್ಲ, ಹೊಟ್ಟೆ ಮತ್ತೆ ಊದಿತ್ತು. ಅವಳ ಕೈ ತನಗೆ ತಾನೇ ಟೇಪನ್ನು ಸ್ವಲ್ಪ ಬಿಗಿಯಾಗಿ ಎಳೆಯಿತು. ಗೆರೆ ಹತ್ತಿರ ಬಂತು.

ಅಮ್ಮ ತನ್ನ ಕೈ ಕೆಳಗಿಳಿಸಿ, ಟೇಪಿಗೂ ಹೊಟ್ಟೆಗೂ ನಡುವೆ ತನ್ನದೇ ಒಂದು ಬೆರಳು ತೂರಿಸಿದಳು. ಟೇಪು ಸಡಿಲವಾಯಿತು.

"ಈಗ ಎಷ್ಟು?"

ಸೂಜಿ ಹೇಳಿದಳು.

"ಜೋರಾಗಿ. ಅಜ್ಜಿಗೂ ಕೇಳಿಸ್ಲಿ. ನಿಮ್ಮಪ್ಪನಿಗೂ."

ಸೂಜಿ ಜೋರಾಗಿ ಹೇಳಿದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹಿತ್ತಿಲಲ್ಲಿ ಅಪ್ಪ ಬೂಟು ಒರೆಸುತ್ತಿದ್ದ ಸದ್ದೂ ನಿಂತಿತು. ಕಿಟಕಿಯಿಂದ ಗಾಳಿ ಬಂದು ಸರಳಿನ ಮೇಲಿನ ಬಟ್ಟೆಗಳೆಲ್ಲ ಒಂದು ಸಲ ಉಸಿರೆಳೆದು ಬಿಟ್ಟವು.

"ಸರಿ. ಮೊದಲನೇ ಟ್ರಿಪ್ಪಿಗೇ ಹೋಗಿ ತೋರಿಸಿಕೊಂಡು ಬರೋಣ" ಅಂದಳು ಅಮ್ಮ. ಲಾಡಿ ಕಟ್ಟಿಕೊಂಡು, ಸ್ಟೂಲು ಎಳೆದು ಕೂತಳು.

"ಅತ್ತೆ, ಗಂಜಿ ತನ್ನಿ."